ಸ್ಪೌಸ್ ವೀಸಾ ರಿಫ್ಯೂಸ್ ಆದ ಮೇಲೆ: ಅಪೀಲೋ, ಹೊಸ ಅರ್ಜಿಯೋ, ಕಾಯುವುದೋ?

ರಿಫ್ಯೂಸಲ್ ಪತ್ರ ಕೈಗೆ ಬಂದ ದಿನದಿಂದ 28 ದಿನ. ಬ್ರಿಟನ್ನಿನ ಸ್ಪೌಸ್ ವೀಸಾಕ್ಕೆ ಇಲ್ಲಿಂದ ಅರ್ಜಿ ಹಾಕಿ ಇಲ್ಲ ಅನ್ನಿಸಿಕೊಂಡವರಿಗೆ ಅಪೀಲು ಮಾಡಲು ಇರುವ ಗಡುವು ಇಷ್ಟೇ. ಅದರಲ್ಲಿ ಮೊದಲ ಎರಡು ವಾರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಳುವುದಕ್ಕೆ, ಬೀಗರಿಗೆ ಹೇಗೆ ಹೇಳುವುದೆಂದು ಚಿಂತಿಸುವುದಕ್ಕೆ, ಏಜೆಂಟನ ಫೋನು ಕಾಯುವುದಕ್ಕೆ ಹೋಗಿಬಿಡುತ್ತದೆ. ಆಮೇಲೆ ಗಡಿಬಿಡಿಯಲ್ಲಿ ಯಾರೋ ಹೇಳಿದರೆಂದು ಅಪೀಲು ಹಾಕುತ್ತಾರೆ, ಇಲ್ಲವೇ ಅವೇ ಕಾಗದಗಳನ್ನು ಮತ್ತೆ ಜೋಡಿಸಿ ಹೊಸ ಅರ್ಜಿಗೆ ರೊಕ್ಕ ಕಟ್ಟುತ್ತಾರೆ.

ಮದುವೆ ಸರ್ಟಿಫಿಕೇಟು, ಜನನ ದಾಖಲೆ, ಉತಾರ, ಇಂಥವನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ನಾನು ವಕೀಲನಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಮನೆಗಳವರು ಮೊದಲ ಅರ್ಜಿಗೂ ಬರುತ್ತಾರೆ, ಎರಡನೆಯದಕ್ಕೂ ಬರುತ್ತಾರೆ, ಬರುವಾಗ ಆ ಪತ್ರವನ್ನೂ ತರುತ್ತಾರೆ. ಅವನ್ನು ಓದುತ್ತ ಓದುತ್ತ ನನಗೆ ಒಂದು ಮಾತು ಗಟ್ಟಿಯಾಗಿದೆ. ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಸಿಟ್ಟು ಹೇಳಬಾರದು, ಕೈಲಿರುವ ರೊಕ್ಕ ಹೇಳಬಾರದು. ಪತ್ರದಲ್ಲಿ ಬರೆದ ಕಾರಣವೇ ಹೇಳಬೇಕು.

ಮೊದಲು, ಪತ್ರ ಯಾರ ಕೈಲಿದೆ?

ಕೇಳಲು ಸಣ್ಣ ಪ್ರಶ್ನೆ. ಆದರೆ ನಮ್ಮಲ್ಲಿ ಅರ್ಜಿಗೆ ಕೊಟ್ಟ ಇಮೇಲ್ ಐಡಿ ಬಹಳ ಸಲ ಏಜೆಂಟನದೇ ಆಗಿರುತ್ತದೆ, ಪಾಸ್‌ವರ್ಡ್ ಕೂಡ ಅವನ ಹತ್ತಿರ. ಪತ್ರ ಬಂದು ಹತ್ತು ದಿನವಾದ ಮೇಲೆ ಅವನು ಮನೆಯವರಿಗೆ ಬರೀ “ರಿಜೆಕ್ಟ್ ಆಗೈತ್ರೀ, ಮತ್ತೊಮ್ಮೆ ಹಾಕೋಣು” ಎಂದು ಫೋನಿನಲ್ಲಿ ಹೇಳುತ್ತಾನೆ. ಪತ್ರದ ಪೂರ್ತಿ ಪಿಡಿಎಫ್ ಕೇಳಿ ಪಡೆಯಿರಿ. ಹಾಕಿದ ಅರ್ಜಿಯ ಪ್ರತಿ, ಅಪ್‌ಲೋಡ್ ಮಾಡಿದ ಒಂದೊಂದು ಕಾಗದದ ಪ್ರತಿಯನ್ನೂ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಏಜೆಂಟನ ಸಂಗಡ ಮುಂದಿನ ಹೆಜ್ಜೆ ಇಡಬೇಡಿ.

ಇನ್ನೊಂದು ಮಾತನ್ನು ಮನೆಯ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ. ಅರ್ಜಿದಾರಳು ಆ ಹುಡುಗಿ. ಪಾಸ್‌ಪೋರ್ಟು ಆಕೆಯದು, ಸಹಿ ಆಕೆಯದು, ಮುಂದೆ ಯಾವ ದೇಶದ ವೀಸಾ ಫಾರಂ ತುಂಬಿದರೂ “ಹಿಂದೆ ನಿರಾಕರಣೆ ಆಗಿದೆಯೇ” ಎಂಬ ಪ್ರಶ್ನೆಗೆ ಹೌದು ಎನ್ನಬೇಕಾದವಳು ಆಕೆ. ಅಪ್ಪ, ಮಾವ, ಅಳಿಯ ಮೂವರೇ ಪಡಸಾಲೆಯಲ್ಲಿ ಕುಂತು ತೀರ್ಮಾನ ಮಾಡಿ ಆಕೆಗೆ ಚಹಾ ತರಲು ಹೇಳುವುದು ಸರಿಯಲ್ಲ. ಪತ್ರವನ್ನು ಮೊದಲು ಆಕೆ ಓದಲಿ. ಫಾರಂನಲ್ಲಿ ಏಜೆಂಟ್ ತಪ್ಪಾಗಿ ತುಂಬಿದ್ದನ್ನು ಎಷ್ಟೋ ಸಲ ಮೊದಲು ಕಂಡುಹಿಡಿಯುವವಳು ಆಕೆಯೇ.

ಸ್ಪೌಸ್ ವೀಸಾವೋ, ಡಿಪೆಂಡೆಂಟ್ ವೀಸಾವೋ?

ಊರಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ, ಆದರೆ ರಿಫ್ಯೂಸ್ ಆದ ಮೇಲೆ ದಾರಿ ಬೇರೆಬೇರೆ. ಗಂಡ ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಅಲ್ಲಿ ಕಾಯಂ ನೆಲೆಸುವ ಹಕ್ಕು ಪಡೆದಿದ್ದರೆ ಹೆಂಡತಿಯದು ಸ್ಪೌಸ್ ವೀಸಾ. ಅದು ನಿರಾಕರಣೆಯಾದರೆ ಕುಟುಂಬ ಜೀವನದ ಹಕ್ಕಿನ ಆಧಾರದ ಮೇಲೆ ಅಲ್ಲಿನ ಟ್ರಿಬ್ಯೂನಲ್ಲಿಗೆ ಅಪೀಲು ಹೋಗಬಹುದು. ಗಂಡ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸಕ್ಕೆ ಹೋದವನಾದರೆ ಹೆಂಡತಿಯದು ಡಿಪೆಂಡೆಂಟ್ ವೀಸಾ. ಅಲ್ಲಿ ಸಾಮಾನ್ಯವಾಗಿ ಇರುವುದು ಅಡ್ಮಿನಿಸ್ಟ್ರೇಟಿವ್ ರಿವ್ಯೂ, ಅಂದರೆ ವೀಸಾ ಇಲಾಖೆಯವರೇ ತಮ್ಮ ತೀರ್ಮಾನವನ್ನು ಮತ್ತೊಮ್ಮೆ ನೋಡುವುದು. ಅದಕ್ಕೂ 28 ದಿನದ ಗಡುವು, 80 ಪೌಂಡ್ ಶುಲ್ಕ. ಆದರೆ ಅಧಿಕಾರಿ ಕಣ್ಣಮುಂದಿದ್ದ ಕಾಗದವನ್ನು ತಪ್ಪಾಗಿ ಓದಿದ್ದರೆ ಮಾತ್ರ ಅದರಿಂದ ಉಪಯೋಗ. ನಾವು ಕೊಡಲು ಮರೆತ ಕಾಗದವನ್ನು ಅಲ್ಲಿ ಹೊಸದಾಗಿ ಸೇರಿಸಿದರೆ ನಡೆಯುವುದಿಲ್ಲ. ನಿಮಗೆ ಯಾವ ಹಕ್ಕಿದೆ ಎಂಬುದು ಪತ್ರದ ಕೊನೆಯ ಭಾಗದಲ್ಲಿ ಬರೆದಿರುತ್ತದೆ. ಅಲ್ಲಿಂದಲೇ ಓದಲು ಶುರು ಮಾಡಿ.

ಮುಂದಿನ ಮಾತೆಲ್ಲ ಹೆಚ್ಚಾಗಿ ಮೊದಲನೆಯ ತರಹದವರಿಗೆ.

ಹೊಸ ಅರ್ಜಿ ಯಾರಿಗೆ ಸರಿ?

ಕಾಗದ ಬಿಟ್ಟುಹೋಗಿದ್ದರೆ, ತಾರೀಖು ತಪ್ಪಿದ್ದರೆ, ಲೆಕ್ಕ ಹೊಂದದಿದ್ದರೆ ಹೊಸ ಅರ್ಜಿಯೇ ಸರಿ. ಇಂತಿಷ್ಟು ದಿನ ಕಾಯಲೇಬೇಕು ಎಂಬ ನಿಯಮ ಇಲ್ಲ, ಕಾಗದ ಸಿದ್ಧವಾದ ಮರುದಿನವೇ ಹಾಕಬಹುದು. ಖರ್ಚು ಮಾತ್ರ ಜೋರು. ಬ್ರಿಟನ್ನಿನ ಹೊರಗಿನಿಂದ ಹಾಕುವ ಸ್ಪೌಸ್ ಅರ್ಜಿಗೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ 1,938 ಪೌಂಡ್ ಇತ್ತು. ಈ ದರ ಏರುತ್ತಲೇ ಬಂದಿದೆ, ಕಟ್ಟುವ ದಿನ ಸರಕಾರಿ ತಾಣದಲ್ಲಿ ನೋಡಿಕೊಳ್ಳಿ. ರಿಫ್ಯೂಸ್ ಆದರೆ ಈ ರೊಕ್ಕ ವಾಪಸ್ ಬರುವುದಿಲ್ಲ. ಅದರ ಸಂಗಡ ಕಟ್ಟಿದ ಆರೋಗ್ಯ ಸರ್‌ಚಾರ್ಜು, ಅಂದರೆ ವರ್ಷಕ್ಕೆ 1,035ರಂತೆ ಮೂರು ವರ್ಷದ 3,105 ಪೌಂಡ್, ವಾಪಸ್ ಬರುತ್ತದೆ. ಇದು ಗೊತ್ತಿಲ್ಲದೆ ಎರಡೂ ಹೋಯಿತೆಂದು ಹೌಹಾರುವವರಿದ್ದಾರೆ. ಕಟ್ಟಿದ ಕಾರ್ಡು ಏಜೆಂಟನದಾಗಿದ್ದರೆ ವಾಪಸ್ ಬಂದ ಹಣವೂ ಅವನ ಖಾತೆಗೇ ಹೋಗುತ್ತದೆ, ಕೇಳಿ ತೆಗೆದುಕೊಳ್ಳಿ. ಅರ್ಜಿಗೆ ಬೇಕಾದ, ಟಿಬಿ ರೋಗ ಇಲ್ಲವೆಂಬ ಸರ್ಟಿಫಿಕೇಟಿನ ಆಯುಷ್ಯ 6 ತಿಂಗಳು, ಅದು ಮುಗಿದಿದ್ದರೆ ಮತ್ತೆ ಬೆಂಗಳೂರಿಗೆ ಹೋಗಬೇಕು.

ಹೆಚ್ಚು ಅರ್ಜಿಗಳು ಬೀಳುವುದು ಆದಾಯದ ಲೆಕ್ಕದಲ್ಲಿ. 2024ರ ಏಪ್ರಿಲ್ 11ರಿಂದ ಅಲ್ಲಿರುವ ಸಂಗಾತಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ಅದಕ್ಕೂ ಮೊದಲು 2012ರಿಂದ ಅದು 18,600 ಇತ್ತು. ಹಳೆಯ ಅಂಕಿಯನ್ನೇ ಹೇಳುತ್ತ ತಿರುಗುವವರು ಇನ್ನೂ ಇದ್ದಾರೆ, ಅವರ ಮಾತು ಕೇಳಬೇಡಿ. ಇಲ್ಲಿ ಹುಡುಗಿ ಐಟಿ ಕಂಪನಿಯಲ್ಲಿ ಎಷ್ಟೇ ಪಗಾರ ತೆಗೆದುಕೊಳ್ಳಲಿ, ಮೊದಲ ಅರ್ಜಿಯಲ್ಲಿ ಅದು ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಅಳಿಯನ ಸಂಬಳ 27,500 ಪೌಂಡ್ ಇತ್ತು, ಮಾರ್ಚಿನಲ್ಲಿ 30,000 ಆಯಿತು. ಜೂನಿನಲ್ಲಿ ಅರ್ಜಿ ಹಾಕಿದರು, ರಿಫ್ಯೂಸ್ ಆಯಿತು. ಮನೆಯವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಆದರೆ ಒಂದೇ ಕಡೆ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವವರ ಲೆಕ್ಕದಲ್ಲಿ ಹಿಂದಿನ ಆರು ತಿಂಗಳಲ್ಲಿ ಅತಿ ಕಡಿಮೆ ಇದ್ದ ಸಂಬಳವನ್ನೇ ಹಿಡಿಯುತ್ತಾರೆ. ಜನವರಿ, ಫೆಬ್ರವರಿಯ ಚೀಟಿ ಒಳಗಿದ್ದದ್ದರಿಂದ 27,500 ಎಂದೇ ಆಯಿತು. ಮಾರ್ಚಿನಿಂದ ಆಗಸ್ಟಿನವರೆಗಿನ ಆರು ಸಂಬಳ ಚೀಟಿ, ಆ ಸಂಬಳ ಖಾತೆಗೆ ಜಮಾ ಆದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟು, ಕಂಪನಿಯ ಪತ್ರ ಇಷ್ಟನ್ನು ಹಿಡಿದು ಸೆಪ್ಟೆಂಬರಿನಲ್ಲಿ ಹಾಕಿದರೆ ಅದೇ ಕುಟುಂಬದ ಆದಾಯದ ಲೆಕ್ಕ ಸರಿಹೊಂದುತ್ತದೆ. ಇಂಥವರು ಅಪೀಲಿನಲ್ಲಿ ತಿಂಗಳುಗಟ್ಟಲೆ ಕಳೆಯುವುದು ನನಗೆ ನೋಡಲಾಗುವುದಿಲ್ಲ. ಇನ್ನೊಂದು ಎಚ್ಚರ: ಹಣಕಾಸಿನ ಕಾಗದಗಳ ಕೊನೆಯ ತಾರೀಖು ಅರ್ಜಿ ಹಾಕುವ ದಿನಕ್ಕಿಂತ 28 ದಿನಕ್ಕೂ ಹಿಂದಿನದಾಗಿರಬಾರದು.

ಆದಾಯ ಸಾಲದವರು ಉಳಿತಾಯ ತೋರಿಸಬಹುದು. ಪೂರ್ತಿ ಉಳಿತಾಯದ ಮೇಲೆಯೇ ಹೋಗುವುದಾದರೆ 88,500 ಪೌಂಡ್, ನಮ್ಮ ರೂಪಾಯಿಯಲ್ಲಿ ಒಂದು ಕೋಟಿಯ ಆಚೆಈಚೆ, ಆರು ತಿಂಗಳು ದಂಪತಿಯ ಕೈಯಲ್ಲಿರಬೇಕು. ಇಲ್ಲಿ ನಮ್ಮ ಸೀಮೆಯವರು ಎಡವುವ ಜಾಗ ಒಂದಿದೆ. ಮನೆಯ ರೊಕ್ಕ ಪತ್ತಿನ ಸಹಕಾರಿ ಸಂಘದಲ್ಲೋ ಸೌಹಾರ್ದದಲ್ಲೋ ಠೇವಣಿ ಇರುತ್ತದೆ. ಊರಿನಲ್ಲಿ ಆ ಸಂಘಕ್ಕೆ ಎಷ್ಟೇ ಒಳ್ಳೆಯ ಹೆಸರಿರಲಿ, ಅದು ರಿಸರ್ವ್ ಬ್ಯಾಂಕಿನ ನಿಯಂತ್ರಣದ ಬ್ಯಾಂಕಲ್ಲ. ವೀಸಾದವರು ಕೇಳುವುದು ಬ್ಯಾಂಕ್ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಯ ಸ್ಟೇಟ್‌ಮೆಂಟು. ಹೊಲ, ಬಂಗಾರ ಇದ್ದ ಹಾಗೇ ಲೆಕ್ಕಕ್ಕೆ ಬರುವುದಿಲ್ಲ, ನಗದಾಗಿ ಬ್ಯಾಂಕಿಗೆ ಬರಬೇಕು. ಅಪ್ಪ ಮಗಳಿಗೆಂದು ಕೊಟ್ಟ ರೊಕ್ಕ ಆಕೆಯ ಹೆಸರಿನ ಖಾತೆಯಲ್ಲಿ ಆರು ತಿಂಗಳು ನಿಂತಿರಬೇಕು, ಎಲ್ಲಿಂದ ಬಂತು ಎಂಬ ದಾಖಲೆ ಇರಬೇಕು, ವಾಪಸ್ ಕೊಡಬೇಕಾದ ಸಾಲವಾಗಿರಬಾರದು. ಅರ್ಜಿಗೆ ವಾರವಿರುವಾಗ ನೆಂಟರಿಂದ ಕೂಡಿಸಿ ಹಾಕಿದ ಮೊತ್ತದಿಂದ ಏನೂ ಆಗುವುದಿಲ್ಲ, ಅನುಮಾನ ಮಾತ್ರ ಹೆಚ್ಚುತ್ತದೆ.

ಇಂಗ್ಲಿಷಿನದು ಇನ್ನೊಂದು. ಹುಬ್ಬಳ್ಳಿಯಲ್ಲಿ ಬಿ.ಇ. ಓದಿದ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದ ಹುಡುಗಿ “ನಂದು ಇಂಗ್ಲಿಷ್ ಮೀಡಿಯಂ ಐತಲ್ರೀ” ಎಂದು ಕಾಲೇಜಿನ ಪತ್ರ ಇಟ್ಟಿರುತ್ತಾಳೆ. ಅದು ಸಾಲದು. ಪದವಿಯ ಮಟ್ಟವನ್ನೂ ಅದನ್ನು ಇಂಗ್ಲಿಷಿನಲ್ಲಿ ಕಲಿಸಿದ್ದನ್ನೂ ಎಕ್ಟಿಸ್ ಎಂಬ ಬ್ರಿಟಿಷ್ ಸಂಸ್ಥೆ ದೃಢೀಕರಿಸಬೇಕು, ಇಲ್ಲವೇ ಎ1, ಅಂದರೆ ಆರಂಭಿಕ ಮಟ್ಟದ ಮಾನ್ಯ ಇಂಗ್ಲಿಷ್ ಪರೀಕ್ಷೆ ಪಾಸಾಗಿರಬೇಕು. ಪರೀಕ್ಷೆಯೇ ಸುಲಭ.

ಇನ್ನು ನನ್ನ ಮೇಜಿನ ಮೇಲೆ ದಿನಾ ಕಾಣುವ ವಿಷಯ, ಮದುವೆ ಮತ್ತು ಹೆಸರಿನ ಕಾಗದ. ಮದುವೆ ಮೇ ತಿಂಗಳಲ್ಲಿ ಸಿದ್ಧಾರೂಢ ಮಠದಲ್ಲೋ ಕಲ್ಯಾಣ ಮಂಟಪದಲ್ಲೋ ಆಗಿರುತ್ತದೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಸ್ಟಿನಲ್ಲಿ. ಸರ್ಟಿಫಿಕೇಟಿನಲ್ಲಿ ಎರಡೂ ತಾರೀಖು ಇರುತ್ತವೆ. ಹೆಂಡತಿ ಫಾರಂನಲ್ಲಿ ಮೇ ಎನ್ನುತ್ತಾಳೆ, ಗಂಡ ತನ್ನ ಪತ್ರದಲ್ಲಿ ಆಗಸ್ಟ್ ಎನ್ನುತ್ತಾನೆ. ಓದುವ ಅಧಿಕಾರಿಗೆ ಇಬ್ಬರಿಗೂ ತಮ್ಮ ಮದುವೆಯ ದಿನವೇ ನೆನಪಿಲ್ಲ ಎಂದು ಕಾಣುತ್ತದೆ. ಗದಗ, ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆ ಜಿಲ್ಲೆಗಳಾದವು. ಅದಕ್ಕೂ ಮೊದಲು ಹುಟ್ಟಿದವರ ಜನನ ದಾಖಲೆಯಲ್ಲಿ ಒಂದು ಜಿಲ್ಲೆ, ಆಧಾರದಲ್ಲಿ ಇನ್ನೊಂದು. ಹುಬ್ಬಳ್ಳಿಯ ಇಂಗ್ಲಿಷ್ ಹೆಸರೂ 2014ರ ನವೆಂಬರ್ 1ರಂದು ಬದಲಾಯಿತು, ಹಳೆಯ ಮಾರ್ಕ್ಸ್ ಕಾರ್ಡಿನ ಕಾಗುಣಿತ ಬೇರೆ, ಹೊಸ ಪಾಸ್‌ಪೋರ್ಟಿನದು ಬೇರೆ. ಅಡ್ಡಹೆಸರು ಎಸ್ಸೆಸ್ಸೆಲ್ಸಿಯಲ್ಲಿ ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಮದುವೆಯ ಮೇಲೆ ಗಂಡನ ಮನೆಯದು. ಇದಕ್ಕಾಗಿಯೇ ವೀಸಾ ತಿರಸ್ಕಾರ ಆಗುತ್ತದೆಂದಲ್ಲ. ಬೇರೆ ಅನುಮಾನವೂ ಇದ್ದರೆ ಇದು ಅದಕ್ಕೆ ಬಲ ಕೊಡುತ್ತದೆ. ಹೊಸ ಅರ್ಜಿಯ ಸಂಗಡ ಒಂದು ಪುಟದ ವಿವರಣೆ, ಬೇಕಾದರೆ ನೋಟರಿ ಅಫಿಡವಿಟ್ಟು ಇಟ್ಟರೆ ಸಾಕು. ಅನುವಾದದ ಕೆಳಗೆ ಅನುವಾದಕರ ಹೆಸರು, ಸಹಿ, ತಾರೀಖು, ವಿಳಾಸ, ಮೂಲಕ್ಕೆ ಸರಿಯಾಗಿದೆ ಎಂಬ ಮಾತು ಇರಲೇಬೇಕು. ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯಲೆಂದು ಕಾಗದಕ್ಕೆ ಹಾಕಿಸುವ ಸರಕಾರಿ ದೃಢೀಕರಣ ಮುದ್ರೆ, ಮಾಡಿಸಬೇಕೆಂದು ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಬ್ರಿಟನ್ನಿನ ಸ್ಪೌಸ್ ವೀಸಾಕ್ಕೆ ಅದನ್ನು ಕೇಳಿಲ್ಲ.

ಅಪೀಲು ಯಾರಿಗೆ ಸರಿ?

ಕಾಗದವೆಲ್ಲ ಇತ್ತು, ಅಧಿಕಾರಿ ನಂಬಲಿಲ್ಲ. ಇದು ಅಪೀಲಿನ ಕೇಸು.

ಬೆಟಗೇರಿಯ ಒಂದು ಮನೆಯ ಮಗಳು ಎಂದುಕೊಳ್ಳಿ. ಹಿರಿಯರು ನೋಡಿ ಮಾಡಿದ ಮದುವೆ. ಹುಡುಗ ಬಂದು ನೋಡಿ ಹೋದ, ನಿಶ್ಚಯದಿಂದ ಮದುವೆಯವರೆಗೆ ಇಬ್ಬರೂ ಫೋನಿನಲ್ಲೇ ಮಾತಾಡಿದರು, ಮದುವೆಯಾದ ಹತ್ತು ದಿನಕ್ಕೆ ರಜೆ ಮುಗಿದು ಆತ ಹೊರಟ. ಇಷ್ಟು ಕಡಿಮೆ ಒಡನಾಟ ಇದ್ದವರ ಸಂಬಂಧ ನಿಜವೆಂದು ಅನ್ನಿಸುವುದಿಲ್ಲ ಎಂದು ಅಧಿಕಾರಿ ಬರೆದ. ಇದೇ ಕಾಗದ ಮತ್ತೆ ಹಾಕಿದರೆ ಇನ್ನೊಬ್ಬ ಅಧಿಕಾರಿಯೂ ಹಾಗೇ ಬರೆಯಬಹುದು. ಇಲ್ಲಿ ಜಡ್ಜ್ ಮುಂದೆ ಹೋಗುವುದು ವಾಸಿ. ಗಂಡ ಅಲ್ಲೇ ಇದ್ದಾನೆ, ವಿಚಾರಣೆಗೆ ಖುದ್ದಾಗಿ ಹೋಗಿ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ. ಹೆಂಡತಿ ಲಿಖಿತ ಹೇಳಿಕೆ ಕೊಡಬಹುದು. ಸಂಬಂಧ ಹೇಗೆ ಕುದುರಿತು, ಯಾರು ಮಾತು ತಂದರು, ಎರಡೂ ಮನೆಯವರು ಎಲ್ಲಿ ಸೇರಿದರು ಎಂದು ಎರಡೂ ಕಡೆಯ ಹಿರಿಯರು ತಮ್ಮ ಮಾತಿನಲ್ಲೇ ಬರೆದುಕೊಟ್ಟ ಪತ್ರಕ್ಕೆ ಅಲ್ಲಿ ಬೆಲೆಯಿದೆ. ಅಪೀಲು ಹಾಕಿದ ಮೇಲಿನ ಪುರಾವೆಯನ್ನೂ ಕೊಡಬಹುದು: ಆತ ಮತ್ತೆ ಊರಿಗೆ ಬಂದ ಟಿಕೆಟ್ಟು, ದೀಪಾವಳಿಯ ಫೋಟೋ, ತಿಂಗಳಿಗೊಮ್ಮೆ ಕಳಿಸಿದ ಹಣ, ಕರೆಗಳ ದಾಖಲೆ. ಸಾವಿರ ಪುಟದ ವಾಟ್ಸಾಪ್ ಚಾಟು ಮುದ್ರಿಸಬೇಡಿ. ತಿಂಗಳಿಗೆ ಒಂದೆರಡು ಪುಟ ಸಾಕು, ಕನ್ನಡದ್ದಾದರೆ ಅನುವಾದ ಸಮೇತ.

ಶುಲ್ಕ ಹೊಸ ಅರ್ಜಿಗಿಂತ ಬಹಳ ಕಡಿಮೆ. ಕಾಗದ ನೋಡಿ ತೀರ್ಮಾನಿಸುವುದಾದರೆ 80 ಪೌಂಡ್, ವಿಚಾರಣೆ ಬೇಕಾದರೆ 140. ಆ 60 ಪೌಂಡ್ ಉಳಿಸಬೇಡಿ, ವಿಚಾರಣೆಯನ್ನೇ ಕೇಳಿ. ನಂಬಿಕೆಯ ಪ್ರಶ್ನೆ ಬಂದಾಗ ಮನುಷ್ಯನ ಮುಖ ನೋಡಿ ಮಾತು ಕೇಳುವುದಕ್ಕೆ ಸಮಾನವಾದದ್ದು ಇಲ್ಲ. ದೊಡ್ಡ ಖರ್ಚು ವಕೀಲರದು, ದೊಡ್ಡ ಕಷ್ಟ ಕಾಲದ್ದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಒಮ್ಮೊಮ್ಮೆ ವರ್ಷದ ಹತ್ತಿರ ಹೋಗುತ್ತದೆ. ಆದರೆ ಅಪೀಲಿನ ಕಾಗದ ನೋಡಿದ ಮೇಲೆ ವಿಚಾರಣೆಗೆ ಮುಂಚೆಯೇ ವೀಸಾ ಇಲಾಖೆಯವರು ತಮ್ಮ ತೀರ್ಮಾನ ಹಿಂದೆಗೆದುಕೊಳ್ಳುವುದೂ ಉಂಟು.

ಒಂದು ಸಂದರ್ಭದಲ್ಲಿ ಮಾತ್ರ ಅಪೀಲು ಬಿಡಲೇಬಾರದು. ಸುಳ್ಳು ದಾಖಲೆ ಕೊಟ್ಟಿದ್ದೀರಿ, ವಿಷಯ ಮುಚ್ಚಿಟ್ಟಿದ್ದೀರಿ ಎಂದು ಪತ್ರದಲ್ಲಿದ್ದು, ನೀವು ಹಾಗೆ ಮಾಡಿಲ್ಲವಾದರೆ, ಆ ಆರೋಪವನ್ನು ಹಾಗೇ ಬಿಟ್ಟು ಹೊಸ ಅರ್ಜಿ ಹಾಕಬೇಡಿ. ಅದು ಮುಂದಿನ ಅರ್ಜಿಗಳಿಗೆಲ್ಲ ಅಂಟಿಕೊಳ್ಳುತ್ತದೆ, ಬೇರೆ ದೇಶದವೂ ಸೇರಿ. ಇಂಥ ಕೇಸಿನಲ್ಲಿ ಮೊದಲ ವಾರದಲ್ಲೇ ಅಲ್ಲಿನ ವಕೀಲರನ್ನು ಹಿಡಿಯಿರಿ.

ಎರಡೂ ಮಾಡಬಹುದೇ? ಮಾಡಬಹುದು. ಅಪೀಲು ಹಾಕಿ ಹಕ್ಕು ಉಳಿಸಿಕೊಂಡು, ಕಾಗದ ಸರಿಯಾದ ಮೇಲೆ ಹೊಸ ಅರ್ಜಿಯನ್ನೂ ಹಾಕಿ, ಅದು ಪಾಸಾದರೆ ಅಪೀಲು ವಾಪಸ್ ತೆಗೆದುಕೊಳ್ಳುವವರಿದ್ದಾರೆ. ಕಾರಣ ಎರಡು ತರಹದ್ದಾಗಿದ್ದರೆ, ಅಂದರೆ ಸಂಬಂಧದ ಮೇಲೂ ಅನುಮಾನ, ಆದಾಯದ ಕಾಗದವೂ ಕಡಿಮೆ, ಆಗ ಇದು ತಕ್ಕ ದಾರಿ. ಹೊರೆ ತಡೆಯುವ ಶಕ್ತಿ ಇರಬೇಕು ಅಷ್ಟೆ.

ಜನ ಕೇಳುವ ಬೇರೆ ದಾರಿಗಳು

“ಅಣ್ಣಾರ, ನಮ್ಮ ಧಾರವಾಡ ಹೈಕೋರ್ಟಿನ್ಯಾಗ ಒಂದು ರಿಟ್ ಹಾಕಿದ್ರ ಆಗಂಗಿಲ್ಲೇನ್ರೀ?” ಪೀಠ ಮನೆಯ ಬಾಗಿಲಲ್ಲೇ ಇರುವುದರಿಂದ ಈ ಆಸೆ ಬರುತ್ತದೆ. ಆಗುವುದಿಲ್ಲ. ಬೇರೆ ದೇಶದ ಸರಕಾರ ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದನ್ನು ನಮ್ಮ ಕೋರ್ಟು ಆಜ್ಞೆ ಮಾಡಿ ಹೇಳಲು ಬರುವುದಿಲ್ಲ.

“ಸದ್ಯ ವಿಸಿಟರ್ ವೀಸಾದ ಮ್ಯಾಲೆ ಹೋಗಲಿ, ಅಲ್ಲೇ ಬದಲಿ ಮಾಡಿಸೋಣು” ಎನ್ನುವವರಿಗೂ ಇಲ್ಲವೆಂದೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ ವಿಸಿಟರ್ ಆಗಿ ಹೋದವರು ಅಲ್ಲೇ ಕುಂತು ಸ್ಪೌಸ್ ವೀಸಾಕ್ಕೆ ಬದಲಾಗಲು ನಿಯಮ ಒಪ್ಪುವುದಿಲ್ಲ. ನಿನ್ನೆ ನೆಲೆಸಲು ಅರ್ಜಿ ಹಾಕಿದವಳು ಇಂದು ನಾಲ್ಕು ದಿನ ನೋಡಿ ಬರುತ್ತೇನೆ ಎಂದರೆ ಅಧಿಕಾರಿ ನಂಬುವುದೂ ಕಷ್ಟ. ಎರಡನೆಯ ರಿಫ್ಯೂಸಲ್ ಮೇಲೆ ಬೀಳುತ್ತದೆ. ಅದರ ಬದಲು ಆತನೇ ರಜೆ ಹಾಕಿ ಬರಲಿ. ಇಬ್ಬರೂ ಕೂಡಿ ಇದ್ದ ಹಾಗೂ ಆಯಿತು, ಪುರಾವೆಯೂ ಆಯಿತು. ಹುಡುಗಿ ನರ್ಸಿಂಗ್ ಅಥವಾ ಸಾಫ್ಟ್‌ವೇರ್ ಕಲಿತಿದ್ದು ತನ್ನದೇ ಕೆಲಸದ ವೀಸಾ ಸಿಗುವಂತಿದ್ದರೆ ಅದು ಗೌರವದ ದಾರಿ, ಅಲ್ಲಿಗೆ ಹೋದ ಮೇಲೆ ಸ್ಪೌಸ್ ವೀಸಾಕ್ಕೆ ಬದಲಾಗಬಹುದು.

ಕೆನಡಾ, ಅಮೆರಿಕ, ಜರ್ಮನಿ

ಕೆನಡಾದಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ಬೀಳುವುದು ಹೆಚ್ಚಾಗಿ ಮದುವೆ ನಿಜವೇ ಎಂಬ ಪ್ರಶ್ನೆಯಲ್ಲಿ. ಹೊರಗಿನಿಂದ ಹಾಕಿದ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಅಲ್ಲಿರುವ ಸ್ಪಾನ್ಸರ್, ಅಂದರೆ ಗಂಡ ಅಥವಾ ಹೆಂಡತಿ, ಇಮಿಗ್ರೇಷನ್ ಅಪೀಲ್ ಡಿವಿಷನ್ನಿಗೆ ಅಪೀಲು ಹಾಕಬೇಕು, ಇಲ್ಲಿರುವವರಲ್ಲ. ಹೊಸ ಪುರಾವೆ ಒಪ್ಪುತ್ತಾರೆ. ಕೆನಡಾದೊಳಗಿಂದ ಹಾಕುವ ವರ್ಗದಲ್ಲಿ ಅರ್ಜಿ ಹಾಕಿದವರಿಗೆ ಈ ಅಪೀಲು ಇಲ್ಲ, ಫೆಡರಲ್ ಕೋರ್ಟಿಗೇ ಹೋಗಬೇಕು. ಅಧಿಕಾರಿ ಒಳಗೆ ಬರೆದ ಟಿಪ್ಪಣಿಯನ್ನು 5 ಡಾಲರ್ ಕಟ್ಟಿ ತರಿಸಿಕೊಳ್ಳಬಹುದು. ಪತ್ರದಲ್ಲಿ ಎರಡು ಸಾಲಿರುವುದು ಟಿಪ್ಪಣಿಯಲ್ಲಿ ಬಿಡಿಸಿ ಬರೆದಿರುತ್ತದೆ, ತಪ್ಪದೆ ತರಿಸಿ. ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ 5 ವರ್ಷ ನಿಷೇಧ.

ಅಮೆರಿಕದ್ದು ಬೇರೆ ಲೆಕ್ಕ. ಸಂದರ್ಶನದಲ್ಲಿ 221(ಜಿ) ಚೀಟಿ ಕೊಟ್ಟರೆ ಬಹುತೇಕ ಅದು ಕಾಗದ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಎಂಬ ಸೂಚನೆ. ಕೇಳಿದ್ದನ್ನು ಒಂದು ವರ್ಷದೊಳಗೆ ಕೊಟ್ಟರೆ ಕೇಸು ಮುಂದುವರಿಯುತ್ತದೆ. ಸ್ಪಾನ್ಸರ್ ಆದಾಯ ಕಡಿಮೆಯಾದರೆ ಅಲ್ಲಿ ಇನ್ನೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಈ ಅನುಕೂಲ ಇಲ್ಲ. ಆದರೆ ಕಾನ್ಸುಲೇಟಿನ ಕೊನೆಯ ನಿರಾಕರಣೆಯ ಮೇಲೆ ಕೋರ್ಟಿನ ಬಾಗಿಲು ಬಹುತೇಕ ಮುಚ್ಚಿದೆ. 2024ರ ಜೂನಿನಲ್ಲಿ ಮುನ್ಯೋಜ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು. ಹೀಗಾಗಿ ಅಲ್ಲಿ ಕಾಗದವನ್ನು ಮೊದಲ ಸಲವೇ ಸರಿಯಾಗಿ ಕೊಡುವುದರ ಮೇಲೆ ಎಲ್ಲ ನಿಂತಿದೆ. ಅಡ್ಡಿ ಕಾನೂನಿನದಾಗಿದ್ದರೆ ಐ-601 ಎಂಬ ವಿನಾಯಿತಿ ಅರ್ಜಿ ಕೆಲವರಿಗೆ ದಾರಿ ಆಗುತ್ತದೆ.

ಜರ್ಮನಿಯಲ್ಲಿ ಮುಂಚೆ ರಾಯಭಾರ ಕಚೇರಿಗೇ ಆಕ್ಷೇಪಣೆ ಬರೆದು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಬರ್ಲಿನ್ನಿನ ಆಡಳಿತ ನ್ಯಾಯಾಲಯ, ಇಲ್ಲವೇ ಹೊಸ ಅರ್ಜಿ.

ಸಲಹೆ ಯಾರಿಂದ ಪಡೆಯಬೇಕು?

ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ಒಂದೋ ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾಗಿರಬೇಕು. ಕೆನಡಾದಲ್ಲಿ ಕನ್ಸಲ್ಟೆಂಟುಗಳಿಗೆ “ಕಾಲೇಜ್” ಎಂಬ ಹೆಸರಿನ ನಿಯಂತ್ರಣ ಸಂಸ್ಥೆ ಇದೆ, ಅವರ ಹೆಸರು ಅಲ್ಲಿನ ಪಟ್ಟಿಯಲ್ಲಿ ಸಿಗಬೇಕು. ಅಳಿಯ ಅಲ್ಲೇ ಇದ್ದಾನಲ್ಲ, ಈ ಹುಡುಕಾಟ ಅವನೇ ಮಾಡಲಿ. ಒಮ್ಮೆ ಫೀ ಕೊಟ್ಟು ಪತ್ರ ಓದಿಸಿ “ಅಪೀಲೋ ಹೊಸ ಅರ್ಜಿಯೋ” ಎಂದು ಕೇಳುವುದಕ್ಕೆ ಆಗುವ ಖರ್ಚು, ಒಂದು ಕುರುಡು ಅರ್ಜಿಗೆ ಕಟ್ಟುವ ಶುಲ್ಕದ ಮುಂದೆ ಏನೂ ಅಲ್ಲ. “ನೂರಕ್ಕೆ ನೂರು ಗ್ಯಾರಂಟಿ” ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಹೋಗಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟು ತಾನೇ “ಹೊಂದಿಸಿಕೊಡ್ತೇನಿ” ಎಂದವನ ಅಂಗಡಿಯಿಂದ ಅದೇ ಕ್ಷಣ ಎದ್ದು ಬನ್ನಿ. ಸಿಕ್ಕಿಬಿದ್ದಾಗ ಕಪ್ಪುಚುಕ್ಕೆ ಹತ್ತುವುದು ಹುಡುಗಿಯ ಹೆಸರಿಗೆ.

ಹೊಸ ಅರ್ಜಿ ಹಾಕುವುದೆಂದು ತೀರ್ಮಾನವಾದರೆ, ಹಿಂದಿನ ರಿಫ್ಯೂಸಲ್ ಇದೆ ಎಂದು ಫಾರಂನಲ್ಲಿ ಹೌದೆಂದು ಬರೆದು ಪತ್ರದ ಪ್ರತಿಯನ್ನೂ ಇಡಿ. ಮೇಲೆ ಒಂದು ಕವರಿಂಗ್ ಲೆಟರ್ ಇರಲಿ: ಅಧಿಕಾರಿ ಹೇಳಿದ ಒಂದೊಂದು ಕಾರಣ, ಅದರ ಕೆಳಗೆ ಈ ಸಲ ಕೊಟ್ಟ ಕಾಗದ ಯಾವುದು, ಅದು ಎಷ್ಟನೇ ಪುಟದಲ್ಲಿದೆ. ಎರಡು ಪುಟ ಮೀರದಿರಲಿ. ಅದರಲ್ಲಿ ಹಿಂದಿನ ಅಧಿಕಾರಿಯನ್ನು ಬೈಯುವುದು ಬೇಡ, ನಮ್ಮ ಸಂಕಟದ ಕಥೆಯೂ ಬೇಡ. ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ಫಾರಂ ಓದಿ, ತಾರೀಖು, ಹೆಸರು, ವಿಳಾಸ ತಾಳೆ ನೋಡಿದ ಮೇಲೆಯೇ ಶುಲ್ಕ ಕಟ್ಟಿ.